ಕೀಲೆಣ್ಣೆಯ ಕರವಸ್ತ್ರ

ರಿಯಾದಿನಲ್ಲಿ ನಮ್ಮ ಮನೆ ಇರುವುದು ಆಸ್ಪತ್ರೆಯ ಕ್ವಾರ್ಟರ್ಸಿನ ಎರಡನೆಯ ಮಹಡಿಯಲ್ಲಿ. ಅಂಗಳವಿಲ್ಲ, ಹೊಸಿಲೂ ಇಲ್ಲ. ಆದರೂ ದೀಪಾವಳಿಗೆ ರಂಗೋಲಿ ಹಾಕುವುದನ್ನು ನಾನು ಬಿಟ್ಟವಳಲ್ಲ. ಚಪ್ಪಲಿ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ, ಬಾಗಿಲಿನ ಒಳಬದಿಯ ಟೈಲ್ಸಿನ ಮೇಲೆ ಅಕ್ಕಿಹಿಟ್ಟಿನಲ್ಲಿ ಪುಟ್ಟದೊಂದು ರಂಗೋಲಿ, ಅದರ ನಡುವೆ ಒಂದು ಸ್ವಸ್ತಿಕ. ಉಡುಪಿಯಲ್ಲಿ ಅಮ್ಮ ಹಾಕುತ್ತಿದ್ದದ್ದೂ ಅದನ್ನೇ. ಅದರ ಬಗ್ಗೆ ಯೋಚಿಸಬೇಕೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಆ ವರ್ಷ ದೀಪಾವಳಿಯ ಸಂಜೆ ನಮ್ಮ ಡಯಾಲಿಸಿಸ್ ವಿಭಾಗದ ಹೆಡ್ ನರ್ಸ್ ಒಂದು ಡಬ್ಬಿ ಬಿಸ್ಕತ್ತು ಹಿಡಿದುಕೊಂಡು ಬಂದರು. ಅವರು ದಕ್ಷಿಣ ಆಫ್ರಿಕಾದ ಬಿಳಿಯರು. ಮನೆಮಾತು ಆಫ್ರಿಕಾನ್ಸ್. ಮುನ್ನೂರು ವರ್ಷಗಳ ಹಿಂದೆ ಹಾಲೆಂಡಿನ ಕಡೆಯಿಂದ ಹೋಗಿ ಅಲ್ಲಿ ಬೇಸಾಯಕ್ಕೆ ನಿಂತವರ ವಂಶ. ಆರಡಿ ಎತ್ತರದ ಹೆಂಗಸು. ವಾರಕ್ಕೆ ಮೂರು ಸಲ ಡಯಾಲಿಸಿಸಿಗೆ ಬರುವ ಸೌದಿಯ ಮುದುಕರೊಬ್ಬರು ಅವರನ್ನು ‘ತವೀಲಾ’ ಎಂದು ಕರೆಯುತ್ತಿದ್ದರು. ಅರಬಿಯಲ್ಲಿ ಉದ್ದದವಳು ಎಂದರ್ಥ. ಕೇಳಿ ಕೇಳಿ ನಮಗೆಲ್ಲ ಅವರು ತವೀಲಾ ಆಗಿಬಿಟ್ಟರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಹಾಗೆ ಕರೆಯುತ್ತಿದ್ದೆವು.

ಬಾಗಿಲು ತೆರೆದು ಬನ್ನಿ ಎಂದೆ. ಅವರು ಬರಲಿಲ್ಲ. ನೆಲ ನೋಡುತ್ತ ನಿಂತರು. ಮುಖದ ಬಣ್ಣ ಇಳಿದುಹೋಗಿತ್ತು. ರಂಗೋಲಿ ತುಳಿದೇನು ಎಂಬ ಹೆದರಿಕೆಯಿರಬೇಕೆಂದುಕೊಂಡು, ದಾಟಿ ಬನ್ನಿ, ಪರವಾಗಿಲ್ಲ ಎಂದು ಕೈಹಿಡಿಯಲು ಹೋದೆ. ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಸ್ವಸ್ತಿಕದ ತೋಳುಗಳನ್ನು ಬೆರಳಿನಲ್ಲಿ ಮುಟ್ಟದೆ ಒಂದೊಂದಾಗಿ ಎಣಿಸಿದರು.

“ನಾಲ್ಕು,” ಎಂದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ, “ನಮ್ಮ ಮನೆಯದಕ್ಕೆ ಮೂರೇ ಇದ್ದವು,” ಎಂದರು.

ನನಗೆ ಏನೂ ಅರ್ಥವಾಗಲಿಲ್ಲ. ಅಡುಗೆಮನೆಯಿಂದ ನನ್ನ ಗಂಡ ಬಿಸಿಬಿಸಿ ಗೋಳಿಬಜೆ ತಂದಿಟ್ಟರು. ಅವರಿಗೆ ನಗರದ ಒಲಾಯಾ ಬಡಾವಣೆಯ ಒಂದು ಕಂಪನಿಯಲ್ಲಿ ನಕ್ಷೆ ಬಿಡಿಸುವ ಕೆಲಸ. ರಜೆಯ ದಿನ ಬಾಣಲೆಯ ಮುಂದೆ ನಿಲ್ಲುವುದು ಅವರಿಗೆ ಹಬ್ಬ. ತವೀಲಾ ರಂಗೋಲಿ ದಾಟಿ ಬಂದು ಕೂತು ಎರಡು ತಟ್ಟೆ ಗೋಳಿಬಜೆ ತಿಂದರು. ಸ್ವಸ್ತಿಕವೆಂದರೆ ಒಳ್ಳೆಯದಾಗಲಿ ಎಂಬ ಮಾತು ಅಷ್ಟೇ, ಬಾಗಿಲಲ್ಲಿ ಬರೆಯುವುದು ಬಂದವರಿಗೆ ಶುಭ ಕೋರುವುದಕ್ಕೆ ಎಂದು ನಾನು ಹೇಳಿದೆ. ಚಹಾ ಮುಗಿಯುವ ಹೊತ್ತಿಗೆ ಅವರೇ ಮಾತು ತೆಗೆದರು.

ಅವರ ಹುಡುಗಿತನದಲ್ಲಿ ಬಿಳಿಯರ ಆಳ್ವಿಕೆ ಕೊನೆಗಾಣುವ ಲಕ್ಷಣ ಕಾಣುತ್ತಿತ್ತಂತೆ. ಅದನ್ನು ತಡೆಯುತ್ತೇವೆ, ನಮ್ಮ ಜನಕ್ಕೇ ಬೇರೆ ದೇಶ ಕಟ್ಟುತ್ತೇವೆ ಎಂದು ಹೊರಟ ಒಂದು ಕಡುಬಲಪಂಥದ ದಳಕ್ಕೆ ಅವರ ತಂದೆ ಸೇರಿದ್ದರು. ಖಾಕಿ ಅಂಗಿ, ತೋಳಿಗೆ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಬಿಳಿಯ ವೃತ್ತ, ಅದರೊಳಗೆ ಕಪ್ಪಿನಲ್ಲಿ ಇಂಗ್ಲಿಷ್ ಅಂಕಿಯ ಮೂರು ಏಳುಗಳನ್ನು ಬುಡದಲ್ಲಿ ಜೋಡಿಸಿದ ಚಿಹ್ನೆ. ದೂರದಿಂದ ನೋಡಿದರೆ ಹಿಟ್ಲರನ ಬಾವುಟದ ತಂಗಿಯಂತೆ ಕಾಣುತ್ತಿತ್ತಂತೆ. ಕೇಳಿದರೆ ತಂದೆ, ಏಳು ದೇವರ ಸಂಖ್ಯೆ, ಸೈತಾನನ ಮೂರು ಆರುಗಳನ್ನು ಸೋಲಿಸುವುದು ನಮ್ಮ ಮೂರು ಏಳುಗಳು ಎನ್ನುತ್ತಿದ್ದರು. ಹತ್ತು ವರ್ಷದ ಮಗಳಿಗೆ ಅದು ಲೆಕ್ಕದ ಪಾಠದಷ್ಟೇ ಸತ್ಯವಾಗಿತ್ತು. ಅಮ್ಮ ಹೊಲಿದ ಉದ್ದ ಲಂಗ, ಕಿವಿ ಮುಚ್ಚುವ ಬಟ್ಟೆಯ ಟೊಪ್ಪಿಗೆ ಹಾಕಿಕೊಂಡು, ಕುದುರೆಯ ಮೇಲೆ ಹೋಗುವ ತಂದೆಗೆ ಸೆಲ್ಯೂಟ್ ಹೊಡೆಯುತ್ತಿದ್ದರು.

“ಕತೆಯೇ ನಮಗೆ ದೇಶವಾಗಿತ್ತು,” ಎಂದರು ತವೀಲಾ.

ಆ ಕತೆಯನ್ನು ಅವರು ಬಹಳ ಚೆನ್ನಾಗಿ ಹೇಳಿದರು. ಬ್ರಿಟಿಷರ ಕೈಕೆಳಗೆ ಇರಲಾರೆವೆಂದು ಹಿರಿಯರು ಕಮಾನು ಬಂಡಿಗಳಿಗೆ ಎತ್ತು ಕಟ್ಟಿಕೊಂಡು ಒಳನಾಡಿಗೆ ಹೊರಟದ್ದು. ಒಂದು ಹೊಳೆಯ ದಂಡೆಯಲ್ಲಿ ಬಂಡಿಗಳನ್ನು ಸುತ್ತ ನಿಲ್ಲಿಸಿ ಕೋಟೆ ಮಾಡಿಕೊಂಡದ್ದು. ಕಾಳಗಕ್ಕೆ ಮೊದಲು ದೇವರಿಗೆ ಹರಕೆ ಹೊತ್ತದ್ದು. ಡಿಸೆಂಬರ್ ಹದಿನಾರರಂದು ಕೆಲವೇ ನೂರು ಜನ ಬಂದೂಕು ಹಿಡಿದು ಸಾವಿರಾರು ಜುಲು ಯೋಧರನ್ನು ಕೊಂದದ್ದು. ಹೊಳೆಯ ನೀರು ಕೆಂಪಾದದ್ದು. ಗೆದ್ದದ್ದು ಬಂದೂಕಿನಿಂದಲ್ಲ, ಹರಕೆಯಿಂದ. ಆದ್ದರಿಂದ ಈ ನೆಲ ದೇವರೇ ನಮಗೆ ಬರೆದುಕೊಟ್ಟದ್ದು. ಇದು ಅವರು ಕಲಿತ ಕತೆ. ಒಂದು ಗುಡ್ಡದ ಮೇಲೆ ಆ ಹಿರಿಯರಿಗೆ ಕಲ್ಲಿನ ದೊಡ್ಡ ಸ್ಮಾರಕ ಕಟ್ಟಿದ್ದಾರೆ. ಅದರ ಗುಮ್ಮಟದಲ್ಲಿ ಒಂದು ಕಿಂಡಿ. ಪ್ರತಿವರ್ಷ ಆ ದಿನ ನಡುಮಧ್ಯಾಹ್ನ ಬಿಸಿಲುಕೋಲು ಕಿಂಡಿಯಿಂದ ಇಳಿದು ಒಳಗಿನ ಸಮಾಧಿಕಲ್ಲಿನ ಮೇಲೆ ಬೀಳುತ್ತದೆ. ಒಂದು ವರ್ಷ ತಂದೆ ಕರೆದುಕೊಂಡು ಹೋದಾಗ ಬಿಸಿಲು ಬಿದ್ದದ್ದು ನೋಡಿ ದೊಡ್ಡವರೆಲ್ಲ ಅತ್ತರಂತೆ. ಪುಟ್ಟ ತವೀಲಾ ಮಾತ್ರ, “ಅಪ್ಪಾ, ಕಿಂಡಿ ಕೊರೆದವರು ಯಾರು?” ಎಂದು ಕೇಳಿ ಏಟು ತಿಂದರಂತೆ.

ಬಿದ್ದು ಬಿದ್ದು ನಕ್ಕೆವು. ಅದಕ್ಕಿಂತ ಹೆಚ್ಚು ನಕ್ಕದ್ದು ಬೀನ್ಸಿನ ಕತೆಗೆ. ಎಲ್ಲರಿಗೂ ಮತ ಸಿಕ್ಕ ಮೊದಲ ಚುನಾವಣೆ ಹತ್ತಿರ ಬಂದಾಗ, ಇನ್ನು ಪ್ರಳಯವೇ ಎಂದು ದಳದವರು ಹೆದರಿಸಿದ್ದರು. ತಂದೆ ಟೊಮೆಟೊ ಸಾಸಿನಲ್ಲಿ ಬೇಯಿಸಿಟ್ಟ ಡಬ್ಬಿ ಬೀನ್ಸು, ಮೇಣದ ಬತ್ತಿ, ಬೆಂಕಿಪೊಟ್ಟಣಗಳನ್ನು ಕೊಟ್ಟಿಗೆಯ ತುಂಬ ಪೇರಿಸಿದರು. ಚುನಾವಣೆಯ ದಿನ ಜನ ಸಾಲಾಗಿ ನಿಂತರು, ಮತ ಹಾಕಿದರು, ಮನೆಗೆ ಹೋದರು. ಪ್ರಳಯ ಬರಲಿಲ್ಲ. ಅವರ ಮನೆಯಲ್ಲಿ ಒಂದೂವರೆ ವರ್ಷ ಬೀನ್ಸು. ಬೀನ್ಸಿನ ಸೂಪು, ಬೀನ್ಸಿನ ಪಲ್ಯ, ಬ್ರೆಡ್ಡಿನ ಮೇಲೂ ಬೀನ್ಸು. “ನಮ್ಮ ಸಾಮ್ರಾಜ್ಯ ಮುಳುಗಿದ್ದು ಟೊಮೆಟೊ ಸಾಸಿನಲ್ಲಿ,” ಎಂದು ತವೀಲಾ ಕಣ್ಣೊರೆಸಿಕೊಂಡರು. ನರ್ಸಿಂಗ್ ಕಲಿಯಲು ಅವರು ಮನೆ ಬಿಟ್ಟದ್ದು ಆ ವರ್ಷವೇ. ಮೊದಲ ಕಾರಣ ಬೀನ್ಸು, ಎರಡನೆಯದು ಅಪ್ಪ.

ಅಪ್ಪ ಇನ್ನೂ ಇದ್ದರು. ಎಂಬತ್ತೆರಡು ವರ್ಷ. ಜಮೀನು ಮಾರಿ ಸಣ್ಣ ಪಟ್ಟಣದಲ್ಲಿ ತಮ್ಮ ತಂಗಿಯ ಜೊತೆಗಿದ್ದರು. ರಿಯಾದಿಗೆ ಬಂದು ಹೋಗಿ ಎಂದು ಮಗಳು ಪ್ರತಿವರ್ಷ ಕರೆಯುವುದು, ಅವರು ಒಲ್ಲೆ ಎನ್ನುವುದು ರೂಢಿಯಾಗಿತ್ತು. ಆ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇದ್ದಕ್ಕಿದ್ದಂತೆ ಬರುತ್ತೇನೆ ಎಂದರಂತೆ. ನವೆಂಬರ್ ಕೊನೆಯ ವಾರ ಟೂರಿಸ್ಟ್ ವೀಸಾದ ಮೇಲೆ ಬಂದಿಳಿದರು.

ಮಾರನೆಯ ದಿನವೇ ತವೀಲಾ ಅವರನ್ನು ನಮ್ಮ ಮನೆಗೆ ಕರೆತಂದರು. ನಾನು ಯಾರೋ ಭೀಕರ ವ್ಯಕ್ತಿಯನ್ನು ನಿರೀಕ್ಷಿಸಿದ್ದೆ. ಬಂದವರು ಮಂಡಿಯವರೆಗಿನ ಚಡ್ಡಿ, ಮಂಡಿಯವರೆಗಿನ ಕಾಲುಚೀಲ, ಕಾಲುಚೀಲದೊಳಗೆ ಬಾಚಣಿಗೆ ಸಿಕ್ಕಿಸಿಕೊಂಡಿದ್ದ ಕೆಂಪು ಮೂಗಿನ ಅಜ್ಜ. ಸೋಫಾದ ತುದಿಯಲ್ಲಿ ಕೂತು, ನಿಮ್ಮವರು ಡರ್ಬನ್ನಿನಲ್ಲಿ ಬಹಳ ಜನ ಇದ್ದಾರೆ, ಅಂಗಡಿ ಇಟ್ಟುಕೊಂಡಿದ್ದಾರೆ, ನಿಮ್ಮದೂ ಅಂಗಡಿಯೋ ಎಂದು ನನ್ನ ಗಂಡನನ್ನು ಕೇಳಿದರು. ಅಂಗಡಿ ಒಂದು ಬಿಟ್ಟು ಉಳಿದದ್ದೆಲ್ಲ ಇದೆ ಎಂದು ಇವರು ಉತ್ತರಿಸಿದರು. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, ಗಂಟಲಿನಲ್ಲೇ ನಕ್ಕರು. ಅವರ ನಗು ಹೊರಗೆ ಬರಲು ಯಾವಾಗಲೂ ಅಷ್ಟು ಹೊತ್ತು ಹಿಡಿಯುತ್ತಿತ್ತು.

ಮೊದಲ ನಾಲ್ಕು ದಿನ ಅವರು ಕ್ವಾರ್ಟರ್ಸಿನಿಂದ ಹೊರಗೆ ಬೀಳಲಿಲ್ಲ. ಮಗಳ ಮನೆಯ ಕುರ್ಚಿಗಳನ್ನೆಲ್ಲ ಕಿಟಕಿಯ ಹತ್ತಿರ ಅರ್ಧಚಂದ್ರಾಕಾರ ಜೋಡಿಸಿ ನಡುವೆ ಕೂತಿರುತ್ತಿದ್ದರು. ಅಪ್ಪ ಬಂಡಿಕೋಟೆ ಕಟ್ಟಿದ್ದಾರೆ ಎಂದು ತವೀಲಾ ಫೋನಿನಲ್ಲಿ ನನಗೆ ವರದಿ ಒಪ್ಪಿಸುತ್ತಿದ್ದರು. ಕೊನೆಗೆ ನನ್ನ ಗಂಡ ಒಂದು ಉಪಾಯ ಮಾಡಿದರು.

“ಅಜ್ಜ ದನ ಸಾಕಿದ ಜನ ಅಲ್ವಾ ಮಾರಾಯ್ತಿ. ಮಾಲ್ ತೋರಿಸಿದ್ರೆ ಎಂತ ಪ್ರಯೋಜನ? ಒಂಟೆ ಸಂತೆಗೆ ಕರ್ಕೊಂಡು ಹೋಗುವ,” ಎಂದರು.

ಶನಿವಾರ ಬೆಳಿಗ್ಗೆ ಹೋದರು. ನಾನು ಡ್ಯೂಟಿಯಲ್ಲಿದ್ದೆ, ಇವರು ಬಂದು ಹೇಳಿದ್ದನ್ನೇ ಹೇಳುತ್ತೇನೆ. ಕಾರಿನಿಂದ ಇಳಿದದ್ದೇ ಅಜ್ಜನ ನಡಿಗೆ ಬದಲಾಯಿತಂತೆ. ಒಂಟೆಯ ಪಾದ ಎತ್ತಿಸಿ ನೋಡಿದರು, ಹಲ್ಲು ನೋಡಿದರು, ಸೊಂಟದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಸುಡಾನಿನ ಒಬ್ಬ ಒಂಟೆಗಾರ ಅಜ್ಜನನ್ನು ಹಿಂಬಾಲಿಸತೊಡಗಿದ. ಅವನಿಗೆ ಇಂಗ್ಲಿಷ್ ಬಾರದು, ಅಜ್ಜನಿಗೆ ಅರಬಿ ಬಾರದು. ಇಬ್ಬರೂ ಒಂದು ಗಂಟೆ ಮಾತಾಡಿದರು. ಬರುವಾಗ ಅವನು ಒಂದು ಬಾಟಲಿ ಒಂಟೆಹಾಲು ಕೊಟ್ಟ. ಅಜ್ಜ ತಮ್ಮ ಬಾಚಣಿಗೆ ಕೊಟ್ಟರು. ಮರುದಿನದಿಂದ ಅಜ್ಜ ಬೆಳಿಗ್ಗೆ ಎದ್ದು ಸಿದ್ಧರಾಗಿ ನಮ್ಮ ಬಾಗಿಲು ತಟ್ಟುತ್ತಿದ್ದರು. ಎಲ್ಲಿಗಾದರೂ ಸರಿ, ಹೋಗೋಣ ಎನ್ನುತ್ತಿದ್ದರು. ನನ್ನ ಎಂಟು ವರ್ಷದ ಮಗಳಿಂದ ಕನ್ನಡದ ಒಂದು ಮಾತು ಆಡಿಸಲು ನಾನು ಹೆಣಗುತ್ತಿದ್ದರೆ, ಅವಳು ಅಜ್ಜನನ್ನು ‘ಅಜ್ಜ’ ಎಂದೇ ಕರೆದು, ಅವರಿಗೂ ‘ಬಾ’, ‘ಕೂತ್ಕೋ’, ‘ಸಾಕು’ ಎಂಬ ಮೂರು ಪದ ಕಲಿಸಿದಳು.

ಈಗ ಇನ್ನೊಬ್ಬಳ ವಿಷಯ ಹೇಳಬೇಕು. ನಮ್ಮ ವಿಭಾಗದಲ್ಲಿ ನನ್ನ ವಯಸ್ಸಿನ ಜುಲು ನರ್ಸ್ ಒಬ್ಬಳಿದ್ದಳು. ತವೀಲಾ ಹುಟ್ಟಿದ ಪ್ರಾಂತ್ಯದವಳೇ. ಇಬ್ಬರ ಊರಿನ ನಡುವೆ ಒಂದು ಗಂಟೆಯ ದಾರಿ. ಮಾತು ಚುರುಕು, ಕೈ ಇನ್ನೂ ಚುರುಕು. ಎಂಥ ಕಷ್ಟದ ರಕ್ತನಾಳಕ್ಕೂ ಅವಳ ಸೂಜಿ ಒಂದೇ ಸಲಕ್ಕೆ ಹೋಗುತ್ತಿತ್ತು. ನನಗೆ ಆಪ್ತ ಗೆಳತಿ. ತವೀಲಾ ಜೊತೆ ಕೆಲಸದಲ್ಲಿ ಯಾವ ತಕರಾರೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಅಜ್ಜನ ಹಳೆಯ ಕತೆ ಅವಳಿಗೆ ಗೊತ್ತಿತ್ತು. ತವೀಲಾ ತಾವೇ ಹೇಳಿದ್ದರು. ಒಂದು ಶುಕ್ರವಾರ ಊಟಕ್ಕೆ ನಾನು ಎಲ್ಲರನ್ನೂ ಕರೆದಾಗ, ನನ್ನ ತಂದೆ ಇರುತ್ತಾರೆ, ನೀನು ಬಾರದಿದ್ದರೆ ನನಗೆ ಬೇಸರವಿಲ್ಲ ಎಂದೂ ತವೀಲಾ ಅವಳಿಗೆ ಹೇಳಿದರು. ನನ್ನ ಊಟ ನಾನೇಕೆ ಬಿಡಲಿ ಎಂದು ಅವಳು ಬಂದಳು.

ಅವಳು ಒಳಗೆ ಬಂದದ್ದೇ ಅಜ್ಜ ಎದ್ದು ನಿಂತು ಜುಲು ಭಾಷೆಯಲ್ಲಿ ನಮಸ್ಕಾರ ಹೇಳಿದರು. ಅವರಿಗೆ ಆ ಭಾಷೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವಳು ಬೇಕೆಂದೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಅವರು ಇನ್ನೊಮ್ಮೆ ಜುಲುವಿನಲ್ಲೇ ಏನೋ ಕೇಳಿದರು.

“ನಮ್ಮೂರ ಬಿಳಿ ರೈತರೆಲ್ಲ ನಮ್ಮ ಭಾಷೆ ಚೆನ್ನಾಗಿ ಆಡುತ್ತಿದ್ದರು,” ಎಂದಳು ಅವಳು, ಮತ್ತೆ ಇಂಗ್ಲಿಷಿನಲ್ಲಿ. “ಕೆಲಸ ಹೇಳುವುದಕ್ಕೆ.”

ಅಜ್ಜ ಕೂತರು. ನಾನು ಅವಸರವಸರವಾಗಿ ಕೋಳಿ ಸಾರು, ಗರಿಗರಿ ರೊಟ್ಟಿ ಬಡಿಸಿದೆ. ರೊಟ್ಟಿ ಮುರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಕೊನೆಗೆ ಗಟ್ಟಿ ಮೊಸರು ತಂದಿಟ್ಟಾಗ ಅಜ್ಜನೂ ಅವಳೂ ಒಟ್ಟಿಗೆ ಕೈ ಚಾಚಿದರು. ಇಬ್ಬರ ಊರಿನಲ್ಲೂ ಹುಳಿಮೊಸರೇ ಊಟದ ಜೀವವಂತೆ. ನಮ್ಮಣ್ಣನ ಹಸುಗಳ ಮೊಸರು ಇದಕ್ಕಿಂತ ಗಟ್ಟಿ ಎಂದು ಅವಳು ನನಗೆ ಹೇಳಿ, ಫೋನಿನಲ್ಲಿ ಹಸುಗಳ ಫೋಟೊ ತೋರಿಸಿದಳು. ಅಜ್ಜ ಕತ್ತು ಉದ್ದ ಮಾಡಿ ನೋಡಿದರು. ಬಿಳಿಯ ಮೈಮೇಲೆ ಸಣ್ಣ ಸಣ್ಣ ಕಂದು ಚುಕ್ಕಿಯಿದ್ದ ಹಸುವನ್ನು ತೋರಿಸಿ ಒಂದು ಜುಲು ಪದ ಹೇಳಿದರು. ಬಾನಾಡಿ ಹಕ್ಕಿಯ ಮೊಟ್ಟೆ ಎಂದು ಅದರ ಅರ್ಥವಂತೆ. ಅಂಥ ಚುಕ್ಕಿಯ ಹಸುವಿಗೆ ಅಲ್ಲಿ ಅದೇ ಹೆಸರು.

ಅಲ್ಲ ಎಂದಳು ಇವಳು, ಈಗ ಜುಲುವಿನಲ್ಲಿ. ಹೌದು ಎಂದರು ಅವರು. ಚುಕ್ಕಿ ದೊಡ್ಡದಾದರೆ ಹೆಸರು ಬೇರೆ ಎಂದು ಇವಳು, ಇದು ದೊಡ್ಡದಲ್ಲ ಎಂದು ಅವರು. ಮುಂದಿನ ಹಸು, ಅದರ ಮುಂದಿನದು. ಬೆನ್ನು ಕಪ್ಪು, ಹೊಟ್ಟೆ ಬಿಳಿ ಇದ್ದ ಒಂದಕ್ಕೆ ‘ಹೊಳೆ ದಾಟುವ ಹೆಂಗಸರು’ ಎಂದು ಹೆಸರಂತೆ. ಸೀರೆ ಎತ್ತಿ ಹಿಡಿದ ಹಾಗೆ ಎಂದು ಅವಳು ನನಗೆ ಅಭಿನಯಿಸಿ ತೋರಿಸಿದಳು. ನನ್ನ ಗಂಡ ಸುಮ್ಮನಿರದೆ ನಮ್ಮಲ್ಲಿ ಕೆಂದ, ಕೌಲು, ಹಂಡ ಎಂದು ಶುರುಮಾಡಿದರು. ಮೊಸರಿನ ಪಾತ್ರೆ ಖಾಲಿಯಾಯಿತು. ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಕೇಳುವವರೆಗೆ ನಮ್ಮ ಮನೆಯಲ್ಲಿ ದನದ ಜಾತ್ರೆ. ತವೀಲಾ ಅಪ್ಪನ ಮುಖ ನೋಡುತ್ತ ಕೂತಿದ್ದರು. ಅವರು ಮಗಳ ಎದುರು ಅಷ್ಟು ಹೊತ್ತು ಆ ಭಾಷೆ ಆಡಿದ್ದು ಅದೇ ಮೊದಲಂತೆ.

ಮುಂದಿನ ಶುಕ್ರವಾರವೇ ಡಿಸೆಂಬರ್ ಹದಿನಾರು. ಡಯಾಲಿಸಿಸ್ ವಿಭಾಗಕ್ಕೆ ಶುಕ್ರವಾರ ರಜೆ. ಊಟ ಈ ಸಲ ತವೀಲಾ ಮನೆಯಲ್ಲಿ. ಜುಲು ಗೆಳತಿಯೂ ನಾವೂ ಹೋದಾಗ ಅಪ್ಪ ಮಗಳ ನಡುವೆ ಜಗಳ ನಡೆದ ವಾಸನೆಯಿತ್ತು. ಊಟದ ಮೇಜಿನ ಮೇಲೆ ಒಂದು ದಪ್ಪ ಬೈಬಲ್ಲು, ಅದರ ಪಕ್ಕದಲ್ಲಿ ಗಾಜಿನ ಚೌಕಟ್ಟಿನೊಳಗೆ ಮಡಚಿಟ್ಟ ಒಂದು ಕೊಳೆಯಾದ ಕರವಸ್ತ್ರ. ಪ್ರತಿವರ್ಷ ಈ ದಿನ ಹಿರಿಯರ ಹರಕೆಯನ್ನು ಗಟ್ಟಿಯಾಗಿ ಓದುವುದು ಅಜ್ಜನ ಮನೆತನದ ಕ್ರಮ. ನನ್ನ ಮನೆಯಲ್ಲಿ ಅದು ಬೇಡ, ಅದೂ ಇವಳ ಎದುರು ಬೇಡವೇ ಬೇಡ ಎಂದು ಮಗಳು ಹೇಳಿದ್ದರು. ದೇವರಿಗೆ ಕೊಟ್ಟ ಮಾತು ಅತಿಥಿಗಳಿದ್ದಾರೆಂದು ತಪ್ಪಲಾಗದು ಎಂದು ಅಪ್ಪ ಹೇಳಿದ್ದರು.

ಎಲ್ಲರೂ ನಿಂತೇ ಇದ್ದೆವು. ಜುಲು ಗೆಳತಿ ಮೊದಲು ಕುರ್ಚಿ ಎಳೆದುಕೊಂಡು ಕೂತಳು.

“ಓದಲಿ,” ಎಂದಳು. “ನಮ್ಮನ್ನು ಕೊಲ್ಲುವ ಮೊದಲು ದೇವರಿಗೆ ಏನು ಹೇಳಿದರೋ ನನಗೂ ಕೇಳಬೇಕು. ಮೂವತ್ತೈದು ವರ್ಷದಿಂದ ಆ ಕತೆ ಕೇಳುತ್ತಿದ್ದೇನೆ. ಆ ಮಾತುಗಳನ್ನು ಮಾತ್ರ ಯಾರೂ ನನಗೆ ಓದಿ ಹೇಳಿಲ್ಲ.”

ಅಜ್ಜ ಕನ್ನಡಕ ಹಾಕಿಕೊಂಡು ಓದಿದರು. ಮಗಳು ಒಂದೊಂದು ವಾಕ್ಯವನ್ನೂ ಇಂಗ್ಲಿಷಿಗೆ ತಂದರು. ಎರಡು ನಿಮಿಷವೂ ಹಿಡಿಯಲಿಲ್ಲ. ಗೆಲ್ಲಿಸಿದರೆ ಈ ದಿನವನ್ನು ನಿನ್ನದೆಂದು ಆಚರಿಸುತ್ತೇವೆ, ಮಕ್ಕಳಿಗೂ ಹೇಳಿಕೊಡುತ್ತೇವೆ, ನಿನಗೊಂದು ಮನೆ ಕಟ್ಟುತ್ತೇವೆ. ಅಷ್ಟೇ.

“ಅಷ್ಟೇ?” ಎಂದಳು ಅವಳು. “ನೆಲ ನಿಮ್ಮದು ಅಂತ ಇದರಲ್ಲಿ ಎಲ್ಲೂ ಇಲ್ಲವಲ್ಲ.”

ಅಜ್ಜ ಪುಸ್ತಕ ನೋಡಿದರು, ಬೆರಳಿಟ್ಟು ಮತ್ತೆ ಓದಿದರು. ಇರಲಿಲ್ಲ. ಈ ಬರಹವೂ ಕಾಳಗವಾಗಿ ಎಷ್ಟೋ ವರ್ಷಗಳ ಮೇಲೆ ಒಬ್ಬ ಮುದುಕನ ನೆನಪಿನಿಂದ ಬರೆದುಕೊಂಡದ್ದು ಎಂದು ಮಗಳು ಹೇಳಿದರು. ನನ್ನ ಗಂಡನಿಗೆ ಹರಕೆ ಎಂದೊಡನೆ ಉತ್ಸಾಹ. ನಮ್ಮೂರಿನಲ್ಲಿ ಹರಕೆ ಹೊತ್ತರೆ ಯಕ್ಷಗಾನ ಆಡಿಸುತ್ತಾರೆ, ಊರಿಗೆಲ್ಲ ಊಟ ಹಾಕುತ್ತಾರೆ, ಗೆದ್ದವರಿಗೆ ಮಾತ್ರ ಅಲ್ಲ ಎಂದರು. ಹಾಗಾದರೆ ನಮ್ಮ ಹಿರಿಯರು ಊಟದ ವಿಷಯ ಮರೆತರು ಎಂದು ಅಜ್ಜ ಹೇಳಿದ್ದನ್ನು ನಾನು ತಮಾಷೆ ಎಂದುಕೊಳ್ಳಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವರ ಗಂಟಲಿನಲ್ಲಿ ಆ ನಗು ಕೇಳಿಸಿತು.

ನನ್ನ ಮಗಳು ಕರವಸ್ತ್ರ ತೋರಿಸಿ, ಇದನ್ನೇಕೆ ಒಗೆದಿಲ್ಲ ಎಂದು ಕೇಳಿದಳು. ಅದು ಅಜ್ಜನ ತಾಯಿಯದು. ಹಿರಿಯರು ವಲಸೆ ಹೊರಟು ನೂರು ವರ್ಷ ತುಂಬಿದಾಗ ಅಂಥದೇ ಕಮಾನು ಬಂಡಿಗಳನ್ನು ಮಾಡಿಸಿ ದೇಶದ ತುಂಬ ಮೆರೆಸಿದ್ದರಂತೆ. ಗಂಡಸರು ಗಡ್ಡ ಬಿಟ್ಟರು, ಹೆಂಗಸರು ಅಜ್ಜಿಯರ ಟೊಪ್ಪಿಗೆ ಹೊಲಿಸಿಕೊಂಡರು, ಬಂಡಿಯ ನೆರಳಿನಲ್ಲಿ ಮಕ್ಕಳಿಗೆ ಹೆಸರಿಟ್ಟರು. ಜನ ನೂಕಾಡಿಕೊಂಡು ಬಂದು ಗಾಲಿಯ ಕೀಲೆಣ್ಣೆಯನ್ನು ಕರವಸ್ತ್ರಕ್ಕೆ ಒತ್ತಿಕೊಂಡು ಹೋಗಿ ಪ್ರಸಾದದ ಹಾಗೆ ಇಟ್ಟುಕೊಂಡರು. ಬಂಡಿ ಹೊಸತು, ಎಣ್ಣೆಯೂ ಹೊಸತು. ಆದರೂ ತಾಯಿ ಸಾಯುವವರೆಗೆ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದರಂತೆ.

ಗೆಳತಿ ಚೌಕಟ್ಟನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

“ಎತ್ತುಗಳ ಮುಂದೆ ಹಗ್ಗ ಹಿಡಿದು ನಡೆದವರು ಯಾರು?” ಎಂದು ಕೇಳಿದಳು.

ಯಾವ ಸಿಟ್ಟೂ ಇಲ್ಲದೆ ಕೇಳಿದ್ದಳು. ಅಜ್ಜ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದುವರೆಗೆ ಮಗಳಿಗೂ ಹೇಳದ ಒಂದು ಕತೆಯನ್ನು ಹೇಳಿದರು.

ಅವರಿಗೆ ಇಪ್ಪತ್ತು ವರ್ಷವಾಗಿದ್ದಾಗ ಅವರ ಜಿಲ್ಲೆಯಲ್ಲಿ ಇನ್ನೊಂದು ಸ್ಮರಣೆಯ ಮೆರವಣಿಗೆ ನಡೆಯಿತು. ಎಂಟು ಜೋಡಿ ಎತ್ತಿನ ಬಂಡಿ ಹೊಡೆಯುವ ಗೌರವ ಅವರಿಗೆ ಸಿಕ್ಕಿತು. ಎತ್ತುಗಳ ಮುಂದೆ ಹಗ್ಗ ಹಿಡಿದು ನಡೆದವನು ಅವರ ಜೊತೆಯಲ್ಲೇ ಬೆಳೆದ ಜುಲು ಗೆಳೆಯ, ಅವನಿಗೂ ಇಪ್ಪತ್ತು. ಎತ್ತುಗಳನ್ನು ಪಳಗಿಸಿದವನೂ ಅವನೇ. ಮೂರು ವಾರ ಧೂಳಿನಲ್ಲಿ ನಡೆದರು, ಒಂದೇ ಪಾತ್ರೆಯಲ್ಲಿ ಗಂಜಿ ಉಂಡರು. ಪಟ್ಟಣದ ಹೊರಗೆ ಬಂದಾಗ ಸಮಿತಿಯವರು ಎದುರಾದರು. ಬ್ಯಾಂಡು, ಬಾವುಟ, ಟೊಪ್ಪಿಗೆಯ ಹೆಂಗಸರು, ಫೋಟೊಗ್ರಾಫರು ಎಲ್ಲ ಸಿದ್ಧವಿತ್ತು. ಕರಿಯನು ಮುಂದೆ ಇರಬಾರದು ಎಂದರು. ಗೆಳೆಯನನ್ನು ಹಿತ್ತಿಲ ದಾರಿಯಿಂದ ಕಳಿಸಿ, ಬ್ಯಾಂಕ್ ಮ್ಯಾನೇಜರರಿಗೆ ಹಿರಿಯರ ವೇಷ ಹಾಕಿಸಿ ಅವರ ಕೈಗೆ ಹಗ್ಗ ಕೊಟ್ಟರು.

“ಎತ್ತುಗಳು ನಿಂತುಬಿಟ್ಟವು,” ಎಂದರು ಅಜ್ಜ.

ಚಾವಟಿ ಬೀಸಿದರು, ಹೋಗಲಿಲ್ಲ. ಮ್ಯಾನೇಜರರು ಎಳೆದರು, ಹೋಗಲಿಲ್ಲ. ಬ್ಯಾಂಡಿನವರು ದೇವರ ಹಾಡನ್ನು ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಪಾದ್ರಿಗಳು ಪ್ರಾರ್ಥನೆ ಮಾಡಿದರು. ಮುಂದಿನ ಜೋಡಿಯ ಎಡಗಡೆಯ ಎತ್ತು ಪಟ್ಟಣದ ಮುಖ್ಯ ಬೀದಿಯ ನಡುವೆ, ಮೇಯರರ ಎದುರಿಗೆ, ಮಲಗಿಬಿಟ್ಟಿತು. ಅರ್ಧ ಗಂಟೆಯ ಮೇಲೆ ಒಬ್ಬನನ್ನು ಓಡಿಸಿ ಗೆಳೆಯನನ್ನು ಕರೆಸಿದರು. ಅವನು ಬಂದು ಎತ್ತಿನ ಕಿವಿಯಲ್ಲಿ ಎರಡು ಮಾತು ಹೇಳಿದ. ಅದು ಎದ್ದು ನಡೆಯಿತು. ಮರುದಿನ ಪತ್ರಿಕೆಯಲ್ಲಿ ಬಂದ ಫೋಟೊದಲ್ಲಿ ಎತ್ತುಗಳ ಕೊಂಬಿನಿಂದ ಈಚೆಗೆ ಎಲ್ಲವೂ ಇತ್ತು. ಅದರ ಮುಂದಿನದನ್ನು ಕತ್ತರಿಸಿದ್ದರು. ಹಗ್ಗ ಮಾತ್ರ ಗಾಳಿಯಲ್ಲಿ ಎಲ್ಲಿಗೋ ಹೋಗುತ್ತಿದ್ದ ಹಾಗಿತ್ತು.

ಗೆಳತಿಯೇ ಮೊದಲು ನಕ್ಕದ್ದು. ಮಲಗಿದ ಎತ್ತನ್ನು ನೆನೆದು ನೆನೆದು, ಮೇಜು ಕುಟ್ಟಿ ಕುಟ್ಟಿ ನಕ್ಕಳು. ಆಮೇಲೆ ಎಲ್ಲರೂ ನಕ್ಕೆವು. ಅಜ್ಜನ ನಗು ಆ ಒಂದು ದಿನ ಗಂಟಲಿನಿಂದ ಪೂರ್ತಿ ಹೊರಗೆ ಬಂತು; ಕಣ್ಣಿನಲ್ಲಿ ನೀರು. ಎತ್ತಿನ ಕಿವಿಯಲ್ಲಿ ಅವನು ಏನು ಹೇಳಿದ ಎಂದು ಅವಳು ಕೇಳಿದಳು. ಅಜ್ಜ ಅದನ್ನು ಜುಲುವಿನಲ್ಲೇ ಹೇಳಿದರು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಮಗುವಿನ ಎದುರು ಅನುವಾದ ಮಾಡಲಾರೆ ಎಂದಳು.

ನಗು ನಿಂತ ಮೇಲೆ ತವೀಲಾ ಕೇಳಿದರು: “ಅಷ್ಟು ಗೊತ್ತಿದ್ದೂ, ನಾನು ಹುಡುಗಿಯಾಗಿದ್ದಾಗ ಆ ಪಟ್ಟಿ ಯಾಕೆ ಕಟ್ಟಿದಿರಿ ಅಪ್ಪ?”

“ಹೆದರಿಕೆ,” ಎಂದರು ಅಜ್ಜ. “ಕುದುರೆಯ ಮೇಲೆ ಕೂತು ಬಾವುಟ ಹಿಡಿದರೆ ಹೆದರಿಕೆ ಯಾರಿಗೂ ಕಾಣುವುದಿಲ್ಲ. ನನಗೇ ಕಾಣಲಿಲ್ಲ.” ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ ಮೊದಲ ದಿನ ಆ ಗೆಳೆಯ ಅಂಗಳದಲ್ಲಿ ನಿಂತಿದ್ದನಂತೆ. ಆಗಲೂ ಅವರ ಜಮೀನಿನಲ್ಲೇ ಕೆಲಸಕ್ಕಿದ್ದ. ನೋಡಿದ, ಏನೂ ಹೇಳಲಿಲ್ಲ. ಆ ದಿನದಿಂದ ಸಾಯುವವರೆಗೆ ಅವನು ಇವರ ಜೊತೆ ಜುಲುವಿನಲ್ಲಿ ಒಂದು ಮಾತೂ ಆಡಲಿಲ್ಲ. ಕೇಳಿದ್ದಕ್ಕೆಲ್ಲ ಆಫ್ರಿಕಾನ್ಸಿನಲ್ಲಿ, ‘ಹೌದು ಧಣಿ’, ‘ಇಲ್ಲ ಧಣಿ’.

ಗೆಳತಿ ಅಜ್ಜನ ತಟ್ಟೆಗೆ ಅನ್ನ ಬಡಿಸಿದಳು. ಅದು ಕ್ಷಮೆ ಎಂದು ನಾನು ಹೇಳಲಾರೆ. ಕ್ಷಮಿಸಲು ನಾನು ಯಾರು, ಅವರು ತಪ್ಪು ಮಾಡಿದ್ದು ನನಗಲ್ಲ ಎಂದು ಅವಳೇ ಮಾರನೆಯ ದಿನ ನನ್ನ ಹತ್ತಿರ ಹೇಳಿದಳು. ಆದರೆ ಆ ಹೊತ್ತಿಗೆ ಅವಳು ಕೇಳಿದ್ದು, ಆ ಗೆಳೆಯನನ್ನು ಮಣ್ಣು ಮಾಡಿದ್ದು ಎಲ್ಲಿ ಎಂದು. ಅಜ್ಜ ಜಾಗದ ಹೆಸರು ಹೇಳಿದರು. ನಮ್ಮಣ್ಣನ ಮನೆಯಿಂದ ಅರ್ಧ ಗಂಟೆ, ಏಪ್ರಿಲಿನಲ್ಲಿ ನನಗೆ ರಜೆ ಇದೆ, ಬರುವುದಾದರೆ ಕರೆದೊಯ್ಯುತ್ತೇನೆ ಎಂದಳು. ಮತ್ತೆ ಊಟ, ಮತ್ತೆ ಎತ್ತಿನ ಮಾತು. ಸಂಜೆ ಅಜ್ಜ ನನ್ನ ಮಗಳಿಗೆ ಹಗ್ಗದ ಚಾವಟಿ ಹೆಣೆದುಕೊಟ್ಟು ಕ್ವಾರ್ಟರ್ಸಿನ ಪಾರ್ಕಿಂಗಿನಲ್ಲಿ ಅದನ್ನು ಚಟೀರೆನ್ನಿಸುವುದು ಹೇಗೆಂದು ಕಲಿಸಿದರು. ಎಲ್ಲರಿಗಿಂತ ಚೆನ್ನಾಗಿ ಬಾರಿಸಿದವಳು ಗೆಳತಿ. ಸೆಕ್ಯುರಿಟಿಯವನು ಓಡಿ ಬಂದು, ತಾನೂ ಎರಡು ಸಲ ಬೀಸಿ ನೋಡಿ ಹೋದ.

ಅಜ್ಜ ಜನವರಿಯಲ್ಲಿ ಊರಿಗೆ ಹೋದರು. ಏಪ್ರಿಲಿನಲ್ಲಿ ಗೆಳತಿ ಹೇಳಿದ ಹಾಗೆ ಕರೆದೊಯ್ದಳು. ಗೆಳೆಯನ ಮಕ್ಕಳು ಮೊದಲು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರಂತೆ. ಅಜ್ಜ ಎತ್ತು ಮಲಗಿದ ಕತೆ ಹೇಳಿದ ಮೇಲೆ ಒಳಗೆ ಕರೆದರಂತೆ. ಅವರ ಮನೆಯಲ್ಲಿ ಅದೇ ಕತೆ ಇನ್ನೂ ಚೆನ್ನಾಗಿ, ಇನ್ನೂ ಉದ್ದವಾಗಿ ಬಳಕೆಯಲ್ಲಿತ್ತು. ಅದರಲ್ಲಿ ಮೇಯರರ ಟೋಪಿಯನ್ನೂ ಎತ್ತು ತಿಂದಿತ್ತು. ಅಜ್ಜ ಪೂರ್ತಿ ಬದಲಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಫೋನಿನಲ್ಲಿ ಏನಾದರೊಂದು ಹಳೆಯ ಮಾತಾಡಿ ಮಗಳಿಂದ ಬೈಸಿಕೊಳ್ಳುತ್ತಾರೆ. ಆದರೆ ಗೆಳತಿಯ ಅಣ್ಣನಿಗೆ ದನದ ವಿಷಯದಲ್ಲಿ ಅವರ ಸಲಹೆ ಇಲ್ಲದೆ ಆಗುವುದಿಲ್ಲ.

ಮುಂದಿನ ವರ್ಷ ಡಿಸೆಂಬರ್ ಹದಿನಾರು ಕೆಲಸದ ದಿನವೇ ಆಗಿತ್ತು. ಮೂವರೂ ಡ್ಯೂಟಿಯಲ್ಲಿದ್ದೆವು. ಬೆಳಿಗ್ಗೆ ಹತ್ತರ ಹೊತ್ತಿಗೆ ಅಜ್ಜನ ಫೋನು ಬಂತು, ಮಗಳಿಗಲ್ಲ, ಗೆಳತಿಗೆ. ಅಣ್ಣನ ಹಸು ಕರು ಹಾಕಿತ್ತು. ಫೋಟೊ ನೋಡಿ ಬಣ್ಣದ ಹೆಸರಿನ ಮೇಲೆ ಇಬ್ಬರಿಗೂ ವಾದ. ಮೂರನೆಯ ಮಂಚದಲ್ಲಿದ್ದ ಆ ಸೌದಿಯ ಮುದುಕರು ಏನು ಗಲಾಟೆ ಎಂದು ಕೇಳಿದರು. ನಾನು ನನಗೆ ಬರುವ ಅರಬಿಯಲ್ಲಿ ವಿವರಿಸಿದೆ. ಅವರು ಉತ್ಸಾಹದಿಂದ ಎದ್ದು ಕೂತು, ದನದ್ದು ಬಿಡಿ, ಒಂಟೆಯ ಬಣ್ಣಗಳನ್ನು ಕೇಳಿ ಎಂದು ಶುರುಮಾಡಿದರು. ಕಪ್ಪಿನದಕ್ಕೆ ಮಜಾಹೀಮ್, ಕೆಂಪಿನದಕ್ಕೆ ಹಮ್ರಾ, ಇನ್ನೊಂದಕ್ಕೆ ಇನ್ನೊಂದು. ಸೂಜಿ ಚುಚ್ಚಿದ್ದ ಕೈಯನ್ನೇ ಎತ್ತಿ ಒಂಟೆಯ ಡುಬ್ಬ ತೋರಿಸತೊಡಗಿದರು. ಮೆಷಿನು ಕೂಗಿಕೊಂಡಿತು. ತವೀಲಾ ಓಡಿ ಬಂದು ಅವರ ಕೈಯನ್ನು ಮೆಲ್ಲನೆ ದಿಂಬಿನ ಮೇಲೆ ಇಟ್ಟು, ಇನ್ನೊಂದು ಕೈಯಲ್ಲಿ ಹೇಳಿ, ನಾವೆಲ್ಲ ಕೇಳುತ್ತೇವೆ ಎಂದರು.